ತೆರೆ ಕಳಚುವ ಗಣಕ: ಕೊಳ್ಳುವ ಮುನ್ನ ಕೆಲವು ಲೆಕ್ಕಗಳು

ನಮ್ಮ ಅಡಿಗೆಯ ಮನೆಗಳಲ್ಲಿ ಈಳಿಗೆಮಣೆಯೆಂಬ ಉಪಕರಣವೊಂದುಂಟು. ಮಣೆಯ ಮೇಲೆ ನಿಂತ ಬಾಗಿದ ಅಲಗಿನಿಂದ ತರಕಾರಿಯನ್ನು ಹೆಚ್ಚುತ್ತಾರೆ; ಅದೇ ಅಲಗಿನ ತುದಿಯಲ್ಲಿರುವ ಹಲ್ಲುಗಳಿಂದ ತೆಂಗಿನಕಾಯಿಯನ್ನು ತುರಿಯುತ್ತಾರೆ. ಹಲ್ಲುಗಳಿವೆಯೆಂದು ಅಲಗು ಮೊಂಡಾಗುವುದಿಲ್ಲ. ಅಲಗಿದೆಯೆಂದು ಹಲ್ಲುಗಳು ಸವೆಯುವುದಿಲ್ಲ. ಇಂತಹ ಜೋಡುಪಕರಣಗಳು ಲೋಕದಲ್ಲಿ ವಿರಳ. ಸಾಧಾರಣವಾಗಿ ಎರಡು ಕೆಲಸಗಳನ್ನು ಒಂದೇ ವಸ್ತುವಿಗೆ ವಹಿಸಿದರೆ ಒಂದರ ಅನುಕೂಲಕ್ಕಾಗಿ ಇನ್ನೊಂದು ಸ್ವಲ್ಪ ನಷ್ಟವನ್ನು ಸಹಿಸಬೇಕಾಗುತ್ತದೆ. ಆ ನಷ್ಟವೆಷ್ಟು ಎಂಬುದನ್ನು ಹಣ ಕೊಡುವ ಮೊದಲೇ ತಿಳಿದುಕೊಳ್ಳುವುದು ಲೇಸು.

ಈ ಮಾತನ್ನು ಇಲ್ಲಿ ಎತ್ತಲು ಕಾರಣವಿದೆ. ನಮ್ಮಲ್ಲಿ ಓದಿ, ಎಂ.ಎಸ್‌ಸಿ. ಮುಗಿಸಿ, ಈಗ ಬೇರೊಂದು ಊರಿನ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕರಾಗಿರುವ ತರುಣರೊಬ್ಬರು ಈಚೆಗೆ ನಮ್ಮನ್ನು ಕಾಣಲು ಬಂದಿದ್ದರು. "ಸಾರ್, ಪಾಠದ ಕೆಲಸಕ್ಕೆ ಒಂದು ಗಣಕ ಕೊಳ್ಳಬೇಕು. ತೆರೆ ಕಳಚುವಂಥದನ್ನೇ ತೆಗೆದುಕೊಳ್ಳಿ, ಲ್ಯಾಪ್‌ಟಾಪೂ ಆಯಿತು, ಟ್ಯಾಬ್ಲೆಟ್ಟೂ ಆಯಿತು ಅಂತ ಅಂಗಡಿಯವರು ಹೇಳುತ್ತಾರೆ. ತಾವೇನು ಹೇಳುತ್ತೀರಿ?" ಎಂದು ಕೇಳಿದರು. ಅವರ ಒಂದೆರಡು ತಿಂಗಳ ಸಂಬಳವಾದರೂ ಅದಕ್ಕೆ ಸಲ್ಲಬೇಕು. ಅಂಗಡಿಯವರ ಮಾತು ಸುಳ್ಳಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧ ಭೌತಶಾಸ್ತ್ರದ ಪಠ್ಯಪುಸ್ತಕದಲ್ಲಿಯೇ ಇದೆಯೆಂದು ಅವರಿಗೆ ಹೇಳಿದೆವು. ಅದನ್ನೇ ವಾಚಕರ ಮುಂದೆ ವಿಸ್ತರಿಸಿ ಇಡುತ್ತಿದ್ದೇವೆ. ಇಂದು ಪಿ.ಯು. ತರಗತಿಯಲ್ಲಿರುವ ವಿದ್ಯಾರ್ಥಿಗಳೂ ನಾಲ್ಕಾರು ವರ್ಷಗಳಲ್ಲಿ ಇದೇ ಪ್ರಶ್ನೆಯ ಮುಂದೆ ನಿಲ್ಲತಕ್ಕವರು.

ಈ ಯಂತ್ರದ ಸ್ವರೂಪವನ್ನು ಮೊದಲು ಹೇಳಿಬಿಡುವೆವು. ಸಾಮಾನ್ಯ ಲ್ಯಾಪ್‌ಟಾಪಿನಲ್ಲಿ ಪ್ರೊಸೆಸರ್, ಸ್ಮೃತಿ, ಬ್ಯಾಟರಿ ಎಲ್ಲವೂ ಕೀಲಿಮಣೆಯ ಕೆಳಗೆ ಅಡಗಿರುತ್ತವೆ. ತೆರೆ ಕೇವಲ ಮುಚ್ಚಳ. ತೆರೆ ಕಳಚುವ ಯಂತ್ರದಲ್ಲಿ ಇವೆಲ್ಲವೂ ತೆರೆಯ ಬೆನ್ನಿಗೆ ಬಂದುಬಿಡುತ್ತವೆ, ಕೀಲಿಮಣೆಯೇ ಮುಚ್ಚಳವಾಗುತ್ತದೆ. ಇನ್ನು ಮುಂದೆ ಇದನ್ನು ಕಳಚುಗಣಕವೆಂದು ಕರೆಯೋಣ. ಈ ಒಂದು ಸ್ಥಳಾಂತರದಿಂದಲೇ ಅದರ ಗುಣಗಳೂ ದೋಷಗಳೂ ಬಹುಮಟ್ಟಿಗೆ ಹುಟ್ಟುತ್ತವೆ.

ಕಲ್ಪನೆ ತೀರ ಹೊಸದಲ್ಲ. ೨೦೦೨ರ ನವೆಂಬರಿನಲ್ಲಿ ಮೈಕ್ರೊಸಾಫ್ಟ್ ಸಂಸ್ಥೆ ವಿಂಡೋಸಿನ ಟ್ಯಾಬ್ಲೆಟ್ ಆವೃತ್ತಿಯನ್ನು ಹೊರತಂದಾಗಲೇ ಕಾಂಪ್ಯಾಕ್ ಹೆಸರಿನಲ್ಲಿ ಕೀಲಿಮಣೆ ಕಳಚುವ ಗಣಕವೊಂದು ಬಂದಿತ್ತು. ಜನರ ಗಮನ ಸೆಳೆದದ್ದು ಮಾತ್ರ ೨೦೧೨ರಲ್ಲಿ, ಮೈಕ್ರೊಸಾಫ್ಟ್ ತಾನೇ 'ಸರ್ಫೇಸ್' ಎಂಬ ಯಂತ್ರವನ್ನು ಮಾರಿದಾಗ. ಅದರ ಮೊದಲ ಮಾದರಿಯ ಕಥೆ ಬೋಧಪ್ರದವಾಗಿದೆ. ನೋಡಲು ಅದು ವಿಂಡೋಸ್ ಗಣಕವೇ. ಆದರೆ ಒಳಗಿದ್ದ ಪ್ರೊಸೆಸರ್ ಮೊಬೈಲ್ ಫೋನುಗಳಲ್ಲಿ ಇರತಕ್ಕ ಆರ್ಮ್ ಜಾತಿಯದು. ಹಳೆಯ ವಿಂಡೋಸ್ ತಂತ್ರಾಂಶಗಳು ಅದರಲ್ಲಿ ನಡೆಯಲೇ ಇಲ್ಲ. ಮಾರಾಟವಾಗದೆ ಉಳಿದ ದಾಸ್ತಾನಿನ ಬಾಬ್ತು ೨೦೧೩ರ ಜುಲೈಯಲ್ಲಿ ಸಂಸ್ಥೆ ೯೦ ಕೋಟಿ ಡಾಲರುಗಳನ್ನು ನಷ್ಟಕ್ಕೆ ಬರೆಯಬೇಕಾಯಿತು. ಅಂದಿನ ಸ್ಥಿತಿ ಇಂದು ಇಲ್ಲ. ೨೦೨೪ರಲ್ಲಿ ಬಂದ ಆರ್ಮ್ ಯಂತ್ರಗಳು ಹಳೆಯ ತಂತ್ರಾಂಶಗಳನ್ನು ಅನುವಾದಿಸಿಕೊಂಡು ನಡೆಸಬಲ್ಲವು. ಆದರೂ ಹೊರಗಿನ ಉಪಕರಣವನ್ನು ಗಣಕಕ್ಕೆ ಪರಿಚಯಿಸುವ 'ಡ್ರೈವರ್' ಎಂಬ ಪುಟ್ಟ ತಂತ್ರಾಂಶವನ್ನು ಹಾಗೆ ಅನುವಾದಿಸಲಾಗದು. ಅದನ್ನು ಆರ್ಮ್‌ಗಾಗಿಯೇ ಬರೆದಿರಬೇಕು. ಅಂಗಡಿಯಲ್ಲಿ ಇದನ್ನು ಯಾರೂ ಹೇಳುವುದಿಲ್ಲ. ಭೌತಶಾಸ್ತ್ರದ ಪ್ರಯೋಗಶಾಲೆಯಲ್ಲಿ ಇದು ದೊಡ್ಡ ಮಾತು. ದೆಹಲಿಯ ಇಂಟರ್-ಯೂನಿವರ್ಸಿಟಿ ಆಕ್ಸಿಲರೇಟರ್ ಸೆಂಟರಿನವರು ಕಾಲೇಜುಗಳಿಗೆಂದು ರೂಪಿಸಿದ 'ಎಕ್ಸ್‌ಪ್‌ಐಸ್' ಪೆಟ್ಟಿಗೆಯನ್ನಾಗಲಿ, ಹಳೆಯ ರೋಹಿತಮಾಪಕವನ್ನಾಗಲಿ ಗಣಕಕ್ಕೆ ಜೋಡಿಸಬೇಕೆನ್ನುವವರು ಆ ಉಪಕರಣವನ್ನು ಅಂಗಡಿಗೇ ಹೊತ್ತುಕೊಂಡು ಹೋಗಿ ಜೋಡಿಸಿ ನೋಡತಕ್ಕದ್ದು. ಅಂಗಡಿಯವರು ನಗಬಹುದು, ನಗಲಿ.

ಈಗ ಲೆಕ್ಕಕ್ಕೆ ಬರೋಣ. ಲ್ಯಾಪ್‌ಟಾಪನ್ನು ತೊಡೆಯ ಮೇಲೆ ಇಟ್ಟುಕೊಂಡರೆ ಅದು ಹಿಂದಕ್ಕೆ ಮಗುಚುವುದಿಲ್ಲವೇಕೆ? ಕೀಲಿನ ಸುತ್ತ ಎರಡು ಟಾರ್ಕುಗಳು, ಎಂದರೆ ತಿರುಗಿಸುವ ಪರಿಣಾಮಗಳು, ಪರಸ್ಪರ ಸೆಣಸುತ್ತವೆ. ತೆರೆಯ ತೂಕ ೪೦೦ ಗ್ರಾಂ ಎಂದೂ ಅದರ ಎತ್ತರ ೨೦ ಸೆಂಟಿಮೀಟರ್ ಎಂದೂ ಇಟ್ಟುಕೊಳ್ಳಿ. ಓದಲು ಅನುಕೂಲವಾಗುವಂತೆ ಅದನ್ನು ಲಂಬದಿಂದ ೩೦ ಡಿಗ್ರಿ ಹಿಂದಕ್ಕೆ ವಾಲಿಸಿದರೆ ಅದರ ಗುರುತ್ವಕೇಂದ್ರ ಕೀಲಿಗಿಂತ ೫ ಸೆಂಟಿಮೀಟರ್ ಹಿಂದೆ ಬೀಳುತ್ತದೆ. ಹಿಂದಕ್ಕೆ ಉರುಳಿಸುವ ಟಾರ್ಕು ೪೦೦ನ್ನು ೫ರಿಂದ ಗುಣಿಸಿದರೆ ೨೦೦೦ ಗ್ರಾಂ-ಸೆಂಟಿಮೀಟರ್. ಕೀಲಿಮಣೆಯ ಭಾಗ ೯೦೦ ಗ್ರಾಂ; ಅದರ ಕೇಂದ್ರ ಕೀಲಿನಿಂದ ೧೦ ಸೆಂಟಿಮೀಟರ್ ಮುಂದೆ. ಅದು ಒಡ್ಡುವ ಪ್ರತಿ ಟಾರ್ಕು ೯೦೦೦. ನಾಲ್ಕೂವರೆಪಟ್ಟು ಭದ್ರತೆ! ಕಳಚುಗಣಕದಲ್ಲಿ ತೂಕಗಳು ಸ್ಥಾನಪಲ್ಲಟವಾಗುತ್ತವೆ. ತೆರೆ ೯೦೦ ಗ್ರಾಂ, ಕೀಲಿಮಣೆ ೩೦೦ ಗ್ರಾಂ. ಹಿಂದಕ್ಕೆ ೪೫೦೦, ಮುಂದಕ್ಕೆ ಕೇವಲ ೩೦೦೦. ಯಂತ್ರ ಮಗುಚಲೇಬೇಕು. ಪ್ರಕೃತಿಯೊಡನೆ ಜಾಹೀರಾತಿನ ವಾದ ನಡೆಯುವುದಿಲ್ಲ.

ಇದಕ್ಕೆ ತಯಾರಕರು ಎರಡು ಪರಿಹಾರಗಳನ್ನು ಕಂಡುಕೊಂಡಿದ್ದಾರೆ. ತೆರೆಯ ಬೆನ್ನಿಗೆ ಒಂದು ಊರುಗಾಲನ್ನು ಕೊಡುವುದು ಮೊದಲನೆಯದು. ಮೇಜಿನ ಮೇಲೆ ಇದು ಸೊಗಸಾಗಿ ನಿಲ್ಲುತ್ತದೆ. ಆದರೆ ಕೀಲಿಮಣೆ ೨೦ ಸೆಂಟಿಮೀಟರ್, ಅದರ ಹಿಂದೆ ಊರುಗಾಲು ಚಾಚಿದ ಜಾಗ ಹತ್ತೋ ಹನ್ನೆರಡೋ ಸೆಂಟಿಮೀಟರ್. ಹೀಗೆ ಒಂದು ಅಡಿಗಿಂತ ಹೆಚ್ಚು ಆಳದ ಸಮತಲ ಬೇಕು. ತರಗತಿಯ ಹಳೆಯ ಬೆಂಚುಗಳ ಮೇಲ್ಹಲಗೆ ಇಷ್ಟು ಅಗಲವಿರುವುದು ಅಪರೂಪ. ಉಪನ್ಯಾಸಕರ ಇಳಿಜಾರು ಪೀಠದ ಮೇಲಂತೂ ಊರುಗಾಲು ಜಾರುತ್ತದೆ. ರೈಲಿನಲ್ಲಿ ತೊಡೆಯ ಮೇಲಿಟ್ಟುಕೊಂಡರೆ ಆ ಲೋಹದ ಅಂಚು ಮೊಣಕಾಲಿನ ಬಳಿ ಒತ್ತಿ ಗೆರೆ ಮೂಡಿಸುತ್ತದೆ. ಈ ಅನುಭವ ನಮ್ಮದು. ಎರಡನೆಯ ಪರಿಹಾರ, ಕೀಲಿಮಣೆಯನ್ನೇ ಭಾರವಾಗಿ ಮಾಡುವುದು. ೨೦೨೦ರಲ್ಲಿ ಆಪಲ್ ಸಂಸ್ಥೆ ತನ್ನ ೧೧ ಅಂಗುಲದ ಐಪ್ಯಾಡ್ ಪ್ರೊಗೆಂದು ಮಾರಿದ ಕೀಲಿಮಣೆಯ ತೂಕ ಸುಮಾರು ೬೦೦ ಗ್ರಾಂ. ಟ್ಯಾಬ್ಲೆಟ್ಟಿನದು ಸುಮಾರು ೪೭೦ ಗ್ರಾಂ. ಕುದುರೆಗಿಂತ ಜೀನಿನ ತೂಕವೇ ಹೆಚ್ಚಾಯಿತು. ಎರಡೂ ಸೇರಿದರೆ ಹಗುರವಾದ ಲ್ಯಾಪ್‌ಟಾಪೊಂದರ ತೂಕಕ್ಕೆ ಬಹಳ ಕಡಿಮೆಯಿಲ್ಲ.

ಟಾರ್ಕಿನ ತೊಂದರೆ ಕಣ್ಣಿಗೆ ಕಾಣುವಂಥದು, ಅಂಗಡಿಯಲ್ಲಿಯೇ ಪರೀಕ್ಷಿಸಬಹುದು. ಉಷ್ಣದ ತೊಂದರೆ ಹಾಗಲ್ಲ. ಅಂಗಡಿಯ ಹವಾನಿಯಂತ್ರಿತ ಕೋಣೆಯಲ್ಲಿ ಅದು ಅಡಗಿಕೊಂಡಿರುತ್ತದೆ. ನಮ್ಮ ಅಭಿಪ್ರಾಯದಲ್ಲಿ ನಮ್ಮ ನಾಡಿನಲ್ಲಿ ಕಳಚುಗಣಕ ಕೊಳ್ಳುವವರು ಎಲ್ಲಕ್ಕಿಂತ ಹೆಚ್ಚಾಗಿ ವಿಚಾರಿಸಬೇಕಾದದ್ದು ಇದನ್ನೇ.

ಪ್ರೊಸೆಸರ್ ನುಂಗುವ ವಿದ್ಯುಚ್ಛಕ್ತಿಯೆಲ್ಲವೂ ಕೊನೆಗೆ ಉಷ್ಣವಾಗಿಯೇ ಹೊರಬರಬೇಕು. ಫ್ಯಾನಿಲ್ಲದ ಟ್ಯಾಬ್ಲೆಟ್ಟಿನಲ್ಲಿ ಅದಕ್ಕಿರುವ ದಾರಿ ಎರಡೇ: ಮೇಲ್ಮೈಯನ್ನು ತಾಗಿದ ಗಾಳಿ ಕಾದು ಮೇಲೇರುವುದು, ಮತ್ತು ವಿಕಿರಣ. ಸ್ಥಿರವಾದ ಗಾಳಿಯಲ್ಲಿ ಈ ಎರಡೂ ಸೇರಿ, ಒಂದು ಚದರ ಮೀಟರ್ ಮೇಲ್ಮೈಯಿಂದ, ಒಂದು ಡಿಗ್ರಿ ಉಷ್ಣತೆಯ ಅಂತರಕ್ಕೆ, ಸ್ಥೂಲವಾಗಿ ೧೦ ವಾಟ್‌ಗಳನ್ನು ಸಾಗಿಸುತ್ತವೆ. ೨೯ ಸೆಂಟಿಮೀಟರ್ ಉದ್ದ, ೨೧ ಸೆಂಟಿಮೀಟರ್ ಅಗಲದ ಟ್ಯಾಬ್ಲೆಟ್ಟಿಗೆ ಎರಡೂ ಮುಖಗಳು ಸೇರಿ ಸುಮಾರು ೦.೧೨ ಚದರ ಮೀಟರ್ ಮೇಲ್ಮೈ. ಕೈಯಲ್ಲಿ ಹಿಡಿಯತಕ್ಕ ವಸ್ತುವಾದುದರಿಂದ ಮೇಲ್ಮೈ ೪೫ ಡಿಗ್ರಿಗಿಂತ ಹೆಚ್ಚು ಕಾಯಬಾರದೆಂದು ಇಟ್ಟುಕೊಳ್ಳೋಣ. ಕೋಣೆ ೨೫ ಡಿಗ್ರಿ ಇದ್ದರೆ ಅಂತರ ೨೦ ಡಿಗ್ರಿ. ಹೊರಹೋಗಬಲ್ಲ ಉಷ್ಣ ಹೆಚ್ಚೆಂದರೆ ೨೪ ವಾಟ್. ಇದೇ ಯಂತ್ರವನ್ನು ಏಪ್ರಿಲಿನಲ್ಲಿ ರಾಯಚೂರಿಗೋ ಕಲಬುರಗಿಗೋ ಒಯ್ಯಿರಿ. ಹೊರಗೆ ೪೧ ಡಿಗ್ರಿ, ತರಗತಿಯ ಒಳಗೆ ೩೮. ಅಂತರ ಏಳೇ ಡಿಗ್ರಿ. ಹೊರಹೋಗುವ ಉಷ್ಣ ೮ ವಾಟಿಗಿಂತ ಸ್ವಲ್ಪ ಹೆಚ್ಚು. ಮೂರನೆಯ ಒಂದು ಭಾಗ! ಯಂತ್ರ ತನ್ನನ್ನು ತಾನು ಕಾಪಾಡಿಕೊಳ್ಳಲು ವೇಗವನ್ನು ತಗ್ಗಿಸಿಕೊಳ್ಳುತ್ತದೆ, ತೆರೆಯ ಬೆಳಕನ್ನೂ ಮಂಕುಮಾಡುತ್ತದೆ. ಕೊಂಡವರು ತಂತ್ರಾಂಶವನ್ನು ಬಯ್ಯುತ್ತಾರೆ.

ಫ್ಯಾನಿರುವ ಲ್ಯಾಪ್‌ಟಾಪೂ ಅದೇ ಕೋಣೆಯಲ್ಲಿಯೇ ಇರುತ್ತದಷ್ಟೆ, ಅದಕ್ಕೇಕೆ ಇಷ್ಟು ಕಷ್ಟವಿಲ್ಲ ಎಂದು ವಿದ್ಯಾರ್ಥಿಗಳು ಕೇಳಬಹುದು. ಇಲ್ಲಿ ಒಂದು ಸ್ವಾರಸ್ಯವಿದೆ. ಲ್ಯಾಪ್‌ಟಾಪಿನೊಳಗೆ ಉಷ್ಣವನ್ನು ಗಾಳಿಗೆ ಒಪ್ಪಿಸುವ ತಾಮ್ರದ ರೆಕ್ಕೆಗಳನ್ನು ಯಾರೂ ಮುಟ್ಟುವುದಿಲ್ಲ. ಆದುದರಿಂದ ಅವು ೮೦ ಡಿಗ್ರಿಯವರೆಗೂ ಕಾಯಬಹುದು. ಕೋಣೆ ೨೫ ಇದ್ದಾಗ ಅಂತರ ೫೫. ೩೮ ಆದಾಗ ೪೨. ಇಳಿದದ್ದು ನಾಲ್ಕನೆಯ ಒಂದು ಭಾಗಕ್ಕಿಂತ ಕಡಿಮೆ. ಬಿಸಿಲು ಎರಡಕ್ಕೂ ಒಂದೇ ಆದರೂ ಪೆಟ್ಟು ಒಂದೇ ಅಲ್ಲ. ತಂಪು ದೇಶಗಳ ಪರೀಕ್ಷಕರು ತಂಪು ಕೋಣೆಯಲ್ಲಿ ಅಳೆದು ಬರೆದ ವೇಗದ ಅಂಕಿಗಳನ್ನು ನಂಬಿ ಕೊಳ್ಳುವ ಬಯಲುಸೀಮೆಯವರಿಗೆ ಆಶಾಭಂಗವಾದರೆ ಆಶ್ಚರ್ಯವಿಲ್ಲ. ಮಡಿಕೇರಿಯಲ್ಲಿರುವವರಿಗೆ ಈ ಪ್ಯಾರಾ ಬೇಕಿಲ್ಲ. ಕಳಚುಗಣಕಗಳಲ್ಲಿಯೂ ಕೆಲವಕ್ಕೆ ಪುಟ್ಟ ಫ್ಯಾನು ಉಂಟು. ಒಂದೇ ಹೆಸರಿನ ಮಾದರಿಯಲ್ಲಿ ಕಡಿಮೆ ಬೆಲೆಯದಕ್ಕೆ ಇಲ್ಲದೆ ಹೆಚ್ಚು ಬೆಲೆಯದಕ್ಕೆ ಇರುವುದೂ ಉಂಟು. ಕೇಳಿ ತಿಳಿದುಕೊಳ್ಳಬೇಕು.

ಇಷ್ಟೆಲ್ಲ ದೋಷಗಳನ್ನು ಹೇಳಿದ ಮೇಲೆ, ನಾವೇ ಏಕೆ ಅಂತಹ ಯಂತ್ರವನ್ನು ಬಳಸುತ್ತಿದ್ದೇವೆ? ಉತ್ತರ ಒಂದೇ ಮಾತು: ಲೇಖನಿ.

ಭೌತಶಾಸ್ತ್ರದ ಪಾಠ ಬೆರಳಚ್ಚಿನಿಂದ ಆಗುವಂಥದಲ್ಲ. ಸಮೀಕರಣ ಬರೆಯಬೇಕು, ಬಾಣ ಎಳೆಯಬೇಕು, ತಪ್ಪಿದ್ದನ್ನು ಹೊಡೆದುಹಾಕಿ ಪಕ್ಕದಲ್ಲಿ ತಿದ್ದಬೇಕು. ತೆರೆಯ ಮೇಲೆ ಬರೆದದ್ದು ಪ್ರಕ್ಷೇಪಕದ ಮೂಲಕ ಗೋಡೆಯ ಮೇಲೆ ಮೂಡಿದರೆ, ವಿದ್ಯಾರ್ಥಿಗಳಿಗೆ ಬೆನ್ನು ತಿರುಗಿಸದೆ ಪಾಠ ಹೇಳಬಹುದು. ಸೀಮೆಸುಣ್ಣದ ಧೂಳೂ ತಪ್ಪಿತು. ಕೆಲವು ಬಗೆಯ ಲೇಖನಿಗಳಲ್ಲಿ ಬ್ಯಾಟರಿಯೇ ಇಲ್ಲವೆಂಬುದನ್ನು ಕೇಳಿ ನಮ್ಮ ವಿದ್ಯಾರ್ಥಿಗಳು ಬೆರಗಾಗುತ್ತಾರೆ. ವಾಕಾಮ್ ಎಂಬ ಜಪಾನೀ ಸಂಸ್ಥೆಯ ಈ ವಿಧಾನದಲ್ಲಿ ತೆರೆಯ ಹಿಂದೆ ತಂತಿಸುರುಳಿಗಳ ಜಾಲವೊಂದಿದ್ದು, ಅದು ಪರ್ಯಾಯ ಕಾಂತಕ್ಷೇತ್ರವನ್ನು ಉಂಟುಮಾಡುತ್ತದೆ. ಲೇಖನಿಯೊಳಗಿನ ಸುರುಳಿಯೂ ಕೆಪಾಸಿಟರೂ ಆ ಆವೃತ್ತಿಗೆ ಅನುರಣಿಸಿ, ಹೀರಿದ ಶಕ್ತಿಯಿಂದಲೇ ಮರುಸಂಕೇತ ಕಳಿಸುತ್ತವೆ. ತುದಿಯನ್ನು ಒತ್ತಿದಂತೆಲ್ಲ ಅನುರಣನದ ಆವೃತ್ತಿ ತುಸು ಬದಲಾಗುತ್ತದೆ. ಗೆರೆ ದಪ್ಪವಾಗಬೇಕೋ ತೆಳುವಾಗಬೇಕೋ ಗಣಕಕ್ಕೆ ತಿಳಿಯುತ್ತದೆ. ದ್ವಿತೀಯ ಪಿ.ಯು.ವಿನಲ್ಲಿ ಬೇಸರದಿಂದ ಕಂಠಪಾಠ ಮಾಡುವ ಎಲ್‌ಸಿ ಮಂಡಲವೇ ಇದು. ಸರ್ಫೇಸ್ ಪ್ರೊನ ಮೊದಲ ಎರಡು ತಲೆಮಾರುಗಳಲ್ಲಿ ಈ ವಿಧಾನವಿತ್ತು; ೨೦೧೪ರ ಮೂರನೆಯದರಿಂದ ಬ್ಯಾಟರಿಯುಳ್ಳ ಬೇರೆ ಬಗೆಯ ಲೇಖನಿ ಬಂತು. ಲೇಖನಿಯನ್ನೂ ಕೀಲಿಮಣೆಯನ್ನೂ ಎಷ್ಟೋ ಕಡೆ ಪ್ರತ್ಯೇಕವಾಗಿ ಮಾರುತ್ತಾರೆ. ಜಾಹೀರಾತಿನ ಬೆಲೆ ಬರಿಯ ತೆರೆಯದೇ ಎಂಬುದನ್ನು ಗಮನಿಸಬೇಕು.

ಬರೆಯುವವರು ತೆರೆಯ ಆಕಾರವನ್ನೂ ನೋಡಬೇಕು. ನಮ್ಮ ಎ೪ ಕಾಗದದ ಉದ್ದ-ಅಗಲಗಳ ಪ್ರಮಾಣ ೧.೪೧. ಕರ್ಣ ೧೩ ಅಂಗುಲವಿರುವ, ೩:೨ ಪ್ರಮಾಣದ ತೆರೆಯನ್ನು ನೆಟ್ಟಗೆ ಹಿಡಿದರೆ ಅದರ ಅಗಲ ೧೮.೩ ಸೆಂಟಿಮೀಟರ್, ೨೧ ಸೆಂಟಿಮೀಟರ್ ಅಗಲದ ಎ೪ ಪುಟ ಅದರಲ್ಲಿ ನೂರಕ್ಕೆ ೮೭ರಷ್ಟು ಗಾತ್ರದಲ್ಲಿ ಮೂಡುತ್ತದೆ. ಅದೇ ೧೩ ಅಂಗುಲದ, ಆದರೆ ಚಲನಚಿತ್ರಕ್ಕೆ ಹೇಳಿಮಾಡಿಸಿದ ೧೬:೯ ಪ್ರಮಾಣದ ತೆರೆಯ ಅಗಲ ೧೬.೨ ಸೆಂಟಿಮೀಟರ್ ಮಾತ್ರ. ಪುಟ ನೂರಕ್ಕೆ ೭೭ಕ್ಕೆ ಕುಗ್ಗುತ್ತದೆ. ಅಂಗುಲ ಒಂದೇ ಆದರೂ ಪುಟ ಒಂದೇ ಅಲ್ಲ. ಸಿನಿಮಾ ನೋಡಲು ಕೊಳ್ಳುವವರಿಗೆ ಎರಡನೆಯದೇ ಇರಲಿ.

ಕನ್ನಡದಲ್ಲಿ ಪ್ರಶ್ನೆಪತ್ರಿಕೆಯನ್ನೋ ಲೇಖನವನ್ನೋ ಸಿದ್ಧಪಡಿಸುವಾಗ ಮಾತ್ರ ಕೀಲಿಮಣೆಯಿಲ್ಲದ ಟ್ಯಾಬ್ಲೆಟ್ಟು ಕೈಕೊಡುತ್ತದೆ. ತೆರೆಯ ಮೇಲೆ ಮೂಡುವ ಕೀಲಿಮಣೆ ಅರ್ಧ ತೆರೆಯನ್ನು ನುಂಗುತ್ತದೆ. ಒತ್ತಕ್ಷರಗಳನ್ನು ಒಂದೊಂದಾಗಿ ಹುಡುಕಿ ಒತ್ತುವಷ್ಟರಲ್ಲಿ ವಾಕ್ಯದ ಕೊನೆ ಮರೆತುಹೋಗುತ್ತದೆ. ಕೆ. ಪಿ. ರಾಯರ ವಿನ್ಯಾಸ ಬೆರಳಿಗೆ ರೂಢಿಯಾದವರಿಗೆ ನಿಜವಾದ ಕೀಲಿಗಳೇ ಬೇಕು, ಅವು ಗಟ್ಟಿಯಾಗಿಯೂ ಇರಬೇಕು.

ಇನ್ನು ದುರಸ್ತಿಯ ವಿಚಾರ. ನಮ್ಮ ವಿಭಾಗಕ್ಕೆ ಮೊದಲು ಕೊಂಡ ಕಳಚುಗಣಕದ ಅಂತ್ಯವನ್ನು ಹೇಳಲೇಬೇಕು. ಮೂರನೆಯ ಬೇಸಗೆಯಲ್ಲಿ ಒಂದು ದಿನ ತೆರೆಯ ಒಂದು ಅಂಚು ನೂಲಿನಷ್ಟು ಮೇಲೆದ್ದಿರುವುದು ಕಂಡಿತು. ವಾರದೊಳಗೆ ಉಗುರು ತೂರುವಷ್ಟಾಯಿತು. ಒಳಗಿನ ಲಿಥಿಯಂ ಬ್ಯಾಟರಿ ಊದಿಕೊಂಡಿತ್ತು. ಬಿಸಿಯಲ್ಲಿ, ಅದರಲ್ಲಿಯೂ ಸದಾ ಪೂರ್ತಿ ತುಂಬಿಸಿ ಇಟ್ಟಾಗ, ಅದರ ವಿದ್ಯುದ್ವಿಚ್ಛೇದ್ಯ ವಿಘಟಿಸಿ ಅನಿಲಗಳು ಹುಟ್ಟುತ್ತವೆ. ಹಾಗೆ ಊದಿದ ಬ್ಯಾಟರಿಯನ್ನು ಚುಚ್ಚಲೂಬಾರದು, ಒತ್ತಲೂಬಾರದು, ತುಂಬಿಸಲೂಬಾರದು, ಬೆಂಕಿ ಹೊತ್ತಿಕೊಳ್ಳಬಹುದು. ಸಾಮಾನ್ಯ ಲ್ಯಾಪ್‌ಟಾಪಾಗಿದ್ದರೆ ಕೆಳಗಿನ ತಿರುಪುಗಳನ್ನು ಬಿಚ್ಚಿ ಬ್ಯಾಟರಿ ಬದಲಿಸಿ ಮುಗಿಯುತ್ತಿತ್ತು. ಇದರಲ್ಲಿ ತೆರೆಯನ್ನು ಅಂಟಿನಿಂದ ಕೂರಿಸಿದ್ದರು. ದುರಸ್ತಿಕೇಂದ್ರದವರು ಪೆಟ್ಟಿಗೆಯನ್ನು ಮುಟ್ಟದೆಯೇ, "ಇದನ್ನು ಬಿಚ್ಚುವ ಪದ್ಧತಿ ಇಲ್ಲ, ಬೇರೆ ಯಂತ್ರ ಕೊಡುತ್ತೇವೆ, ಇಷ್ಟಾಗುತ್ತದೆ" ಎಂದು ಒಂದು ಮೊತ್ತವನ್ನು ಬರೆದುಕೊಟ್ಟರು. ಹೊಸದಕ್ಕೂ ಆ ಮೊತ್ತಕ್ಕೂ ದೊಡ್ಡ ಅಂತರವಿರಲಿಲ್ಲ. ಒಳಗಿದ್ದ ನಾಲ್ವರು ವಿದ್ಯಾರ್ಥಿಗಳ ಪ್ರಯೋಗದ ಅಂಕಿಗಳನ್ನು ಹೇಗೋ ನಕಲುಮಾಡಿಕೊಂಡೆವು. ನಾವು ಹುಟ್ಟುವ ಮುಂಚೆ ಕೊಂಡ ಟ್ಯಾಂಜೆಂಟ್ ಗ್ಯಾಲ್ವನೋಮೀಟರು ಅದೇ ಕಪಾಟಿನಲ್ಲಿ ಇಂದಿಗೂ ಸರಿಯಾದ ಕೋನವನ್ನೇ ತೋರಿಸುತ್ತಿದೆ.

ತಯಾರಕರು ಈ ವಿಷಯದಲ್ಲಿ ಸ್ವಲ್ಪ ಸುಧಾರಿಸಿದ್ದಾರೆಂಬುದನ್ನು ಒಪ್ಪಿಕೊಳ್ಳಬೇಕು. ೨೦೧೯ರ ಸರ್ಫೇಸ್ ಪ್ರೊ ಎಕ್ಸ್‌ನಲ್ಲಿ ಕಡತಗಳಿರುವ ಸಂಗ್ರಹಘಟಕವನ್ನಾದರೂ ತಿರುಪು ಬಿಚ್ಚಿ ಹೊರತೆಗೆಯುವ ಏರ್ಪಾಡು ಬಂತು. ಬ್ಯಾಟರಿಯ ಪ್ರಶ್ನೆಯನ್ನು ಕೊಳ್ಳುವ ದಿನವೇ ಕೇಳಿ, ಉತ್ತರವನ್ನು ಬರವಣಿಗೆಯಲ್ಲಿ ಪಡೆಯುವುದು ಒಳ್ಳೆಯದು. ಕಾಲೇಜಿಗಾಗಿ ಹತ್ತು ಹನ್ನೆರಡು ಯಂತ್ರಗಳನ್ನು ಒಟ್ಟಿಗೆ ಕೊಳ್ಳುವ ಪ್ರಾಂಶುಪಾಲರಂತೂ ಇದನ್ನು ಕೇಳದೆ ಸಹಿ ಹಾಕಕೂಡದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ಹಾಗಾದರೆ ಯಾರು ಕೊಳ್ಳಬೇಕು? ನಿಂತು ಕೆಲಸಮಾಡುವವರು ಕೊಳ್ಳಲಿ. ಕಟ್ಟಡದ ನಿವೇಶನದಲ್ಲಿ ನಕ್ಷೆ ನೋಡುವ ಎಂಜಿನಿಯರು, ಬಂಡೆಗಳ ನಡುವೆ ಟಿಪ್ಪಣಿ ಮಾಡುವ ಭೂವಿಜ್ಞಾನಿ, ಹಾಸಿಗೆಯಿಂದ ಹಾಸಿಗೆಗೆ ನಡೆಯುವ ವೈದ್ಯರು, ಇವರಿಗೆ ಲ್ಯಾಪ್‌ಟಾಪು ನಿರುಪಯೋಗಿ. ಕೈಯಿಂದ ಬರೆಯಲೇಬೇಕಾದ ನಮ್ಮಂಥವರೂ ಕೊಳ್ಳಬಹುದು. ಕುಳಿತು ಬೆರಳಚ್ಚು ಮಾಡುವುದೇ ಮುಖ್ಯವಾದವರು ಇದನ್ನು ಕೊಂಡರೆ, ಕಳಚುವ ಸೌಕರ್ಯಕ್ಕೆ ಹಣ ತೆತ್ತು ಅದನ್ನು ಕಳಚದೆಯೇ ಇಡುತ್ತಾರೆ. ನಾವು ಈಗಿನ ಯಂತ್ರವನ್ನು ಎಷ್ಟು ಸಲ ಕಳಚುತ್ತೇವೆಂಬುದನ್ನು ಆರು ವಾರಗಳ ಕಾಲ ಹಾಜರಿ ಪುಸ್ತಕದ ಹಿಂಬದಿಯಲ್ಲಿ ಗೆರೆಯೆಳೆದು ಗುರುತಿಸಿದೆವು. ಗೆರೆಗಳೆಲ್ಲವೂ ತರಗತಿಯವು, ಪ್ರಯೋಗಶಾಲೆಯವು, ಉತ್ತರಪತ್ರಿಕೆ ತಿದ್ದಿದ ದಿನಗಳವು. ಅಧ್ಯಾಪಕರ ಕೊಠಡಿಯಲ್ಲಿ ಒಂದೂ ಇಲ್ಲ. ಮನೆಯಲ್ಲಿ ಒಂದು ಸಲ, ಮಗುವಿಗೆ ಆನೆಯ ಚಿತ್ರ ತೋರಿಸಲು.

ಕೊಳ್ಳಬೇಕೆಂದಿರುವವರು ತಮ್ಮ ಈಗಿನ ಕೆಲಸವನ್ನು ಒಂದು ವಾರ ಹೀಗೆಯೇ ಗುರುತಿಸಿ ನೋಡಲಿ. ಎಷ್ಟು ಹೊತ್ತು ಕೈಬರಹ, ಎಷ್ಟು ಹೊತ್ತು ಬೆರಳಚ್ಚು, ಎಷ್ಟು ಹೊತ್ತು ನಿಂತು? ಪ್ರೊಸೆಸರಿನ ಹೆಸರಿಗಿಂತ ಈ ಮೂರು ಅಂಕಿಗಳು ಹೆಚ್ಚು ಬೆಲೆಯುಳ್ಳವು.

ಮೊದಲು ಹೇಳಿದ ತರುಣರಿಗೂ ಇದನ್ನೇ ಹೇಳಿ ಕಳಿಸಿದೆವು. ಅವರ ವಾರದ ಲೆಕ್ಕದಲ್ಲಿ ಬೆರಳಚ್ಚೇ ಬಹುಪಾಲು ಬಂತು. ಕೈಬರಹ ದಿನಕ್ಕೆ ಎರಡು ಅವಧಿಗಳ ಪಾಠದಷ್ಟು ಮಾತ್ರ. ಅವರ ಕಾಲೇಜಿನ ಕೊಠಡಿಗಳೋ ಬೇಸಗೆಯಲ್ಲಿ ಕಾದ ಹಂಚಿನಂತಿರುತ್ತವೆ. ಕೊನೆಗೆ ಅವರು ಫ್ಯಾನುಳ್ಳ ಸಾಮಾನ್ಯ ಲ್ಯಾಪ್‌ಟಾಪೊಂದನ್ನೂ, ಅದಕ್ಕೆ ತಂತಿಯಿಂದ ಜೋಡಿಸುವ, ತೆರೆಯಿಲ್ಲದ ಬರವಣಿಗೆಯ ಹಲಗೆಯೊಂದನ್ನೂ ಕೊಂಡರು. ಈ ಹಲಗೆಗಳು ಕೆಲವೇ ಸಾವಿರ ರೂಪಾಯಿಗಳಿಗೆ ದೊರೆಯುತ್ತವೆ. ಕೈ ಹಲಗೆಯ ಮೇಲೆ, ಕಣ್ಣು ತೆರೆಯ ಮೇಲೆ. ರೂಢಿಯಾಗಲು ಕೆಲವು ದಿನ ಹಿಡಿಯುತ್ತದೆ. ಕಳೆದ ವಾರ ಫೋನು ಮಾಡಿದ್ದರು. ಪಾಠವೇನೋ ಸಾಗಿದೆಯಂತೆ, ಆದರೆ ಅವರ ಇಂಟಿಗ್ರಲ್ ಚಿಹ್ನೆ ಇನ್ನೂ ಎಡಕ್ಕೆ ವಾಲುತ್ತಿದ್ದು, ಹಿಂದಿನ ಬೆಂಚಿನವರು ಅದನ್ನೇ ಹಾಗೆಯೇ ತಮ್ಮ ಪುಸ್ತಕದಲ್ಲಿ ಇಳಿಸಿಕೊಳ್ಳುತ್ತಿದ್ದಾರಂತೆ.